ಬೀಡಿ ಬ್ರಾಂಚಿಗೆ ಬಂದ ಲೈಬ್ರರಿ

ಲೈಬ್ರರಿ ಖಾಲಿ ಮಾಡಬೇಕಾಗುತ್ತದೆ ಎಂದು ನನಗೆ ಮೊದಲು ಹೇಳಿದ್ದು ಪಕ್ಕದ ಚಾ ಅಂಗಡಿಯ ಇಚ್ಚ. ಬೀಗ ತೆಗೆಯಲು ಹೋದಾಗ ಗೋಡೆಯ ಮೇಲೆ ಕೆಂಪು ಪೇಂಟಿನ ಗೆರೆಯೊಂದು ಬಿದ್ದಿತ್ತು. ಹಿಂದಿನ ಸಂಜೆ ಅಳತೆಯವರು ಬಂದಿದ್ದರಂತೆ. "ಅಕ್ಕಾ, ಈ ಗೆರೆಯಿಂದ ಈಚೆ ಎಲ್ಲ ರೋಡಿಗೆ. ನನ್ನ ಒಲೆ ಹೋಯ್ತು, ನಿಮ್ಮ ಪುಸ್ತಕವೂ ಹೋಯ್ತು" ಎಂದು ಚಾ ಸೋಸುತ್ತಲೇ ಹೇಳಿದರು. ಒಳಗೆ ಹೋಗಿ ಹೆಜ್ಜೆಯಲ್ಲಿ ಅಳೆದು ನೋಡಿದೆ. ಗೆರೆ ಸರಿಯಾಗಿ ಕಾದಂಬರಿ ಕಪಾಟಿನ ಹಿಂದೆ ಬರುತ್ತಿತ್ತು. ಕವಿತೆಗಳು ಮಾತ್ರ ಉಳಿಯುತ್ತಿದ್ದವು. ಅವನ್ನು ಹೇಗೂ ಯಾರೂ ಮುಟ್ಟುತ್ತಿರಲಿಲ್ಲ.

ನಮ್ಮ ಊರು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆ ಮತ್ತು ಉಪ್ಪಳದ ನಡುವೆ. ಬಸ್ಸು ನಿಲ್ಲುವ ಜಾಗದಲ್ಲೇ ಲೈಬ್ರರಿ, ಲೈಬ್ರರಿಗೆ ಒರಗಿಕೊಂಡೇ ಚಾ ಅಂಗಡಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥ ಆಗುತ್ತದೆ ಎಂಬ ಮಾತು ಎಷ್ಟು ವರ್ಷದಿಂದ ಇತ್ತೆಂದರೆ, ನಾವು ಅದನ್ನು ನಂಬುವುದನ್ನೇ ಬಿಟ್ಟಿದ್ದೆವು. ಕೆಂಪು ಗೆರೆ ನೋಡಿದ ಮೇಲೆ ನಂಬಿದೆವು.

ನಾನು ಇಲ್ಲಿ ಲೈಬ್ರರಿಯನ್. ಬೆಳಿಗ್ಗೆ ಮನೆಯಲ್ಲಿ ಟೈಲರಿಂಗ್, ಸಂಜೆ ನಾಲ್ಕರಿಂದ ಏಳೂವರೆ ಲೈಬ್ರರಿ. ಸಂಬಳ ಅಂತ ಇಲ್ಲ, ಅಲವೆನ್ಸ್ ಅಂತ ಸಣ್ಣದೊಂದು ಬರುತ್ತದೆ. ಗಡಿಯಾಚೆ ಮಂಗಳೂರು ಕಡೆಯ ನಮ್ಮ ನೆಂಟರಿಗೆ ಇದನ್ನು ವಿವರಿಸುವುದೇ ಒಂದು ಕೆಲಸ. ಅಲ್ಲಿ ಲೈಬ್ರರಿ ಎಂದರೆ ಸರಕಾರದ ಇಲಾಖೆ. ಇಲ್ಲಿ ಊರಿನವರೇ ಸೇರಿ ಕಟ್ಟಿದ ಸಂಘ. ಕಮಿಟಿ ಇರುತ್ತದೆ, ಚುನಾವಣೆ ಇರುತ್ತದೆ, ಜಗಳವೂ ಇರುತ್ತದೆ. ಲೈಬ್ರರಿ ಕೌನ್ಸಿಲಿನ ಅಂಗೀಕಾರ ಸಿಕ್ಕಿದರೆ ವರ್ಷಕ್ಕೊಮ್ಮೆ ಗ್ರಾಂಟ್ ಬರುತ್ತದೆ. ನಾವು ಕಟ್ಟುವ ಕಟ್ಟಡ ತೆರಿಗೆಯ ಮೇಲೆ ರೂಪಾಯಿಗೆ ಐದು ಪೈಸೆ ಲೈಬ್ರರಿ ಸೆಸ್ ಇದೆ. ಆ ದುಡ್ಡು ಹೀಗೆ ತಿರುಗಿ ಬರುತ್ತದೆ.

ಈ ಪದ್ಧತಿ ಶುರುವಾದದ್ದು ಇಲ್ಲಿಂದ ತುಂಬ ದೂರ, ತಿರುವಾಂಕೂರಿನ ಅಂಬಲಪ್ಪುಳದಲ್ಲಿ. 1945ರಲ್ಲಿ ಪಿ. ಎನ್. ಪಣಿಕ್ಕರ್ ಎಂಬ ಮೇಷ್ಟರು 47 ಹಳ್ಳಿ ಲೈಬ್ರರಿಗಳನ್ನು ಸೇರಿಸಿ ಗ್ರಂಥಶಾಲಾ ಸಂಘ ಮಾಡಿದರು. ಆಗ ನಾವು ಕೇರಳದವರೇ ಅಲ್ಲ. ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆಯವರು. ಸ್ವಾತಂತ್ರ್ಯ ಬಂದ ಮೇಲೆ ದೇಶದಲ್ಲಿ ಮೊದಲು ಲೈಬ್ರರಿ ಕಾನೂನು ಬಂದದ್ದು ಮದ್ರಾಸಿನಲ್ಲೇ, 1948ರಲ್ಲಿ. ಅದರ ಹಿಂದೆ ಇದ್ದವರು ಎಸ್. ಆರ್. ರಂಗನಾಥನ್. ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು. ನಮ್ಮ ಕಮಿಟಿಯ ಅಧ್ಯಕ್ಷರಾದ ಮಾಸ್ಟ್ರು ಈ ಸಂಗತಿಯನ್ನು ಪ್ರತಿ ಭಾಷಣದಲ್ಲೂ ಹೇಳುತ್ತಾರೆ, ರಂಗನಾಥನ್ ಅವರ ಹತ್ತಿರದ ನೆಂಟರೋ ಎಂಬಂತೆ. ನಾವು ಪುಸ್ತಕ ಜೋಡಿಸುವುದು ಮಾತ್ರ ರಂಗನಾಥನ್ ಪದ್ಧತಿಯಲ್ಲಿ ಅಲ್ಲ. ನಮ್ಮದು ಬಣ್ಣದ ಬೊಟ್ಟು. ಕಾದಂಬರಿಗೆ ಕೆಂಪು, ಕಥೆಗೆ ಹಳದಿ, ಮಕ್ಕಳದಕ್ಕೆ ಹಸಿರು.

2022ರ ಫೆಬ್ರವರಿಯಲ್ಲಿ ಪುಸ್ತಕ ಕಟ್ಟಲು ಶುರು ಮಾಡಿದೆವು. ಆರು ಸಾವಿರದ ಚಿಲ್ಲರೆ ಪುಸ್ತಕ. ಮೊದಲ ದಿನ ಮಾಡಿದ್ದೆಲ್ಲ ತಪ್ಪು. ಗೊಬ್ಬರದ ಖಾಲಿ ಚೀಲ ಸುಲಭಕ್ಕೆ ಸಿಕ್ಕಿತು ಎಂದು ಅದರಲ್ಲಿ ತುಂಬಿಸಿದೆವು. ಚೀಲ ಎತ್ತಿ ಟೆಂಪೋಗೆ ಎಸೆಯುವಾಗ ಒಳಗೆ ಬೈಂಡ್ ಮುರಿಯುವ ಶಬ್ದ ಕೇಳುತ್ತಿತ್ತು. ಕೋಳಿಯ ಕುತ್ತಿಗೆ ತಿರುಚಿದ ಹಾಗೆ. ಎರಡನೇ ದಿನ ರಟ್ಟಿನ ಪೆಟ್ಟಿಗೆ ತಂದೆವು. ದೊಡ್ಡ ಪೆಟ್ಟಿಗೆ ತುಂಬಿದರೆ ಇಬ್ಬರಿಂದಲೂ ಎತ್ತಲಾಗುವುದಿಲ್ಲ. ಕೊನೆಗೆ ಗೊತ್ತಾದದ್ದು, ಮೆಡಿಕಲ್ ಅಂಗಡಿಗೆ ಸಿರಪ್ ಬಾಟಲಿ ಬರುವ ಪೆಟ್ಟಿಗೆಯೇ ಸರಿ. ಗಟ್ಟಿ ಇರುತ್ತದೆ, ಒಬ್ಬನ ಕೈಗೆ ಆಗುತ್ತದೆ. ಯಾರಾದರೂ ಲೈಬ್ರರಿ ಸಾಗಿಸುವವರಿದ್ದರೆ ಇದೊಂದು ನೆನಪಿಟ್ಟುಕೊಳ್ಳಿ. ಇನ್ನೊಂದು, ನಂಬರನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆಯಬೇಡಿ, ಬದಿಗಳಲ್ಲಿ ಬರೆಯಿರಿ. ಒಂದರ ಮೇಲೊಂದು ಪೇರಿಸಿದ ಮೇಲೆ ಮುಚ್ಚಳ ಯಾರಿಗೂ ಕಾಣುವುದಿಲ್ಲ. ನಾವು ಮುಚ್ಚಳದ ಮೇಲೇ ಬರೆದಿದ್ದೆವು.

ಸಹಾಯಕ್ಕೆ ಕಾಲೇಜಿನ ಎನ್ನೆಸ್ಸೆಸ್ ಮಕ್ಕಳು ಬಂದರು. ದಕ್ಷಿಣದ ಕಡೆಯವರು, ಒಬ್ಬರಿಗೂ ಕನ್ನಡ ಓದಲು ಬಾರದು. ಒಬ್ಬಳು ಹುಡುಗಿ ಪುಸ್ತಕವೊಂದನ್ನು ಹಿಡಿದು ಆಚೆ ಈಚೆ ತಿರುಗಿಸಿ ನೋಡಿ, "ಚೇಚೀ, ಇದಿಂಡೆ ತಲ ಏದಾ?" ಎಂದು ಕೇಳಿದಳು. ಇದರ ತಲೆ ಯಾವುದು ಅಂತ. ನಕ್ಕೆ. ಆಮೇಲೆ ಯೋಚಿಸಿದರೆ, ಹದಿನೇಳು ವರ್ಷದಲ್ಲಿ ಆ ಪ್ರಶ್ನೆಯನ್ನು ಇಷ್ಟು ನೇರವಾಗಿ ನನ್ನಲ್ಲಿ ಯಾರೂ ಕೇಳಿರಲಿಲ್ಲ. ಬಣ್ಣದ ಬೊಟ್ಟು ಆಗ ಉಪಯೋಗಕ್ಕೆ ಬಂತು. ಬೊಟ್ಟು ಪುಸ್ತಕದ ಬುಡದಲ್ಲಿ ಇರುತ್ತದೆ ಎಂದು ಹೇಳಿಕೊಟ್ಟೆ. ಸಂಜೆಯೊಳಗೆ ಎಂಬತ್ತು ಪೆಟ್ಟಿಗೆ ಮುಗಿಸಿದರು.

ಪುಸ್ತಕ ಇಡಲು ಜಾಗ ಎಲ್ಲಿ? ಅರ್ಧ ಮಾಸ್ಟ್ರ ಮನೆಯ ಅಟ್ಟಕ್ಕೆ ಹೋಯಿತು, ಅಡಿಕೆ ಹಾಕಿಡುವ ಜಾಗ. ಉಳಿದದ್ದು ಇನ್ನೊಬ್ಬ ಸದಸ್ಯರ ಹಟ್ಟಿಗೆ. ದನ ಮಾರಿ ಖಾಲಿ ಬಿದ್ದಿದ್ದ ಹಟ್ಟಿ, ಸಿಮೆಂಟಿನ ನೆಲ, ಮೇಲೆ ಶೀಟು. ನಮಗೆಲ್ಲ ಹಟ್ಟಿಯೇ ಭದ್ರ ಅನ್ನಿಸಿತ್ತು. ಮಾಸ್ಟ್ರ ಅಟ್ಟ ಅಡಿಗೆಮನೆಯ ಮೇಲೆ ಇತ್ತು, ಕೆಳಗೆ ಸೌದೆ ಒಲೆ, ಯಾವಾಗಲೂ ಹೊಗೆ. ಅಲ್ಲಿಟ್ಟ ಪುಸ್ತಕ ಕಪ್ಪಾಗುತ್ತದೆ ಎಂದು ನಾನೇ ಗೊಣಗಿದ್ದೆ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದ್ದು ಜೂನ್, ಜುಲೈ, ಆಗಸ್ಟಿನಲ್ಲೇ. ಆಗಸ್ಟಿನಲ್ಲಿ ಹಟ್ಟಿಯ ಪೆಟ್ಟಿಗೆ ತೆರೆದಾಗ ಮೊದಲು ಬಂದದ್ದು ವಾಸನೆ. ಹಳೆ ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದ ಹಾಗೆ. ಪುಸ್ತಕಗಳ ಮೇಲೆ ಬಿಳಿ, ಹಸಿರು ಬೂಸ್ಟು. ಗೋಡೆಗೆ ತಾಗಿಕೊಂಡಿದ್ದ ಸಾಲಿಗೆ ಒರಲೆ ಹಿಡಿದಿತ್ತು. ಮುರಕಲ್ಲಿನ ಗೋಡೆಯೊಳಗಿಂದ ಮಣ್ಣಿನ ಗೆರೆ ಎಳೆದುಕೊಂಡು ಬಂದು, ರಟ್ಟು ತಿಂದು, ಎಪ್ಪತ್ತರ ದಶಕದ ಮಾಸಪತ್ರಿಕೆಗಳ ಬೈಂಡುಗಳನ್ನು ಒಳಗಿನಿಂದ ಟೊಳ್ಳು ಮಾಡಿತ್ತು. ಹೊರಗಿನಿಂದ ನೋಡಿದರೆ ಪುಸ್ತಕ, ಎತ್ತಿದರೆ ಮಣ್ಣು. ಮಾಸ್ಟ್ರ ಅಟ್ಟದ ಪೆಟ್ಟಿಗೆಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಕೆಳಗಿನ ಒಲೆಯ ಬಿಸಿಗೆ ಎಲ್ಲ ಗರಿಗರಿ. ಇವತ್ತಿಗೂ ನಮ್ಮ ಪುಸ್ತಕಗಳಲ್ಲಿ ಎರಡು ಜಾತಿ. ಮೂಗಿಗೆ ಹಿಡಿದರೆ ಹೊಗೆ ವಾಸನೆ ಬಂದದ್ದು ಅಟ್ಟದ್ದು, ಬೂಸ್ಟು ವಾಸನೆ ಬಂದದ್ದು ಹಟ್ಟಿಯದ್ದು.

ಒದ್ದೆಯಾದದ್ದನ್ನು ಒಣಗಿಸುವುದರಲ್ಲೂ ಮೊದಲು ತಪ್ಪಿದೆವು. ಮಳೆ ಬಿಟ್ಟ ಒಂದು ದಿನ ಸಿಕ್ಕಿತೆಂದು ಅಂಗಳದಲ್ಲಿ ಹಪ್ಪಳದ ಹಾಗೆ ಹರಡಿದೆವು. ಬಿಸಿಲಿಗೆ ಅಂಟು ಬಿಟ್ಟು ರಟ್ಟು ಸೊಟ್ಟಗಾಯಿತು. ಆಮೇಲೆ ನೆರಳಲ್ಲಿ, ಫ್ಯಾನಿನ ಕೆಳಗೆ, ಪುಸ್ತಕವನ್ನು ನಿಲ್ಲಿಸಿ ಹಾಳೆಗಳನ್ನು ಬೀಸಣಿಗೆಯಂತೆ ಬಿಡಿಸಿಟ್ಟೆವು. ತೀರಾ ಒದ್ದೆ ಇದ್ದದ್ದಕ್ಕೆ ಹತ್ತಿಪ್ಪತ್ತು ಹಾಳೆಗೊಂದು ಪೇಪರ್ ತುಂಡು ಇಟ್ಟು, ದಿನಕ್ಕೆರಡು ಸಲ ಬದಲಾಯಿಸಿದೆವು. ಬೂಸ್ಟನ್ನು ಒಣಗಿದ ಮೇಲೆಯೇ ಒರೆಸಬೇಕು. ಒದ್ದೆ ಇರುವಾಗ ಒರೆಸಿದರೆ ಕಾಗದದೊಳಗೆ ಇಳಿಯುತ್ತದೆ. ಕೊರೋನಾ ಕಾಲದ ಮಾಸ್ಕ್ ಮನೆಯಲ್ಲಿ ಬೇಕಾದಷ್ಟು ಇತ್ತು. ಅದನ್ನು ಕಟ್ಟಿಕೊಂಡು, ಪೇಂಟಿನ ಹೊಸ ಬ್ರಶ್ಶಿನಲ್ಲಿ ಮೆತ್ತಗೆ ಗುಡಿಸಿದೆ. ಮೂರು ವಾರ ಅದೇ ಕೆಲಸ. ಅಷ್ಟು ಸಮಯ ಹೊಲಿಗೆಗೆ ಬಂದ ಬ್ಲೌಸುಗಳೆಲ್ಲ ಹಾಗೇ ಕೂತಿದ್ದವು. ಒಬ್ಬರು ಮದುವೆಯ ಬ್ಲೌಸು ವಾಪಸ್ ತೆಗೆದುಕೊಂಡು ಹೋದರು.

ಲೆಕ್ಕ ಮಾಡಿದಾಗ ಐನೂರಕ್ಕೂ ಜಾಸ್ತಿ ಪುಸ್ತಕ ಹೋಗಿತ್ತು. ಸ್ಟಾಕ್ ರಿಜಿಸ್ಟರಿನಲ್ಲಿ ಒಂದೊಂದರ ಎದುರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುವಾಗ, ಕೆಲವು ಹೋದದ್ದೇ ಒಳ್ಳೆಯದು ಅನ್ನಿಸಿದ್ದನ್ನೂ ಹೇಳಬೇಕು. ಯಾವುದೋ ಕಾಲದ ಪರೀಕ್ಷೆಯ ಗೈಡು, ಯಾರೂ ಒಮ್ಮೆಯೂ ಒಯ್ಯದ ಅಭಿನಂದನ ಗ್ರಂಥಗಳು. ಒರಲೆಗೆ ನಮಗಿಂತ ಧೈರ್ಯ ಜಾಸ್ತಿ.

ಇಷ್ಟರ ನಡುವೆ ಲೈಬ್ರರಿ ಪೂರ್ತಿ ಮುಚ್ಚಿರಲಿಲ್ಲ. ಪರಿಶೀಲನೆಗೆ ಬರುವವರು ನೋಡುವುದು ಪುಸ್ತಕ ಎಷ್ಟು ಉಂಟು ಎಂದಷ್ಟೇ ಅಲ್ಲ, ಎಷ್ಟು ಹೊರಗೆ ಹೋಗಿದೆ, ಏನೇನು ಕಾರ್ಯಕ್ರಮ ಆಗಿದೆ, ರಿಜಿಸ್ಟರ್ ಸರಿ ಉಂಟಾ ಎಂದು. ಅದರ ಮೇಲೆ ಗ್ರೇಡು, ಗ್ರೇಡಿನ ಮೇಲೆ ಗ್ರಾಂಟು. ಇಶ್ಯೂ ರಿಜಿಸ್ಟರ್ ಖಾಲಿ ಬಿಟ್ಟರೆ ಮುಗಿಯಿತು. ಹಾಗಾಗಿ ಎರಡು ಟ್ರಂಕು ಪುಸ್ತಕ ನಮ್ಮ ಮನೆಯ ಜಗಲಿಗೆ ಬಂತು. ಒಂದರಲ್ಲಿ ಕನ್ನಡ, ಒಂದರಲ್ಲಿ ಮಲಯಾಳ. ಹೊಲಿಗೆಗೆ ಬಂದವರು ಪುಸ್ತಕ ಒಯ್ದರು. ಪುಸ್ತಕಕ್ಕೆ ಬಂದವರು ಫಾಲ್ಸ್ ಹಚ್ಚಲು ಕೊಟ್ಟು ಹೋದರು. ಒಂದೂವರೆ ವರ್ಷ ಹೀಗೇ ನಡೆಯಿತು.

ಹೊಸ ಜಾಗ ಹುಡುಕಿದ ಕಥೆ ಉದ್ದ ಇದೆ, ಆದರೆ ಅದರಲ್ಲಿ ರುಚಿ ಇಲ್ಲ. ಕೇಳಿದವರೆಲ್ಲ "ನೋಡುವ" ಎಂದರು. ಕೊನೆಗೆ ಸಿಕ್ಕಿದ್ದು ಹೆದ್ದಾರಿಯಿಂದ ಆರುನೂರು ಮೀಟರ್ ಒಳಗೆ, ಪೂರ್ವಕ್ಕೆ, ಮುಚ್ಚಿಹೋಗಿದ್ದ ಬೀಡಿ ಬ್ರಾಂಚು. ಬೀಡಿ ಕಟ್ಟುವ ಹೆಂಗಸರು ವಾರ ವಾರ ಎಲೆ, ಹೊಗೆಸೊಪ್ಪಿನ ಪುಡಿ ಒಯ್ದು, ಕಟ್ಟಿದ ಬೀಡಿ ತಂದು ಲೆಕ್ಕ ಒಪ್ಪಿಸುತ್ತಿದ್ದ ಜಾಗ. ನನ್ನ ಅಮ್ಮನ ಜೊತೆ ಸಣ್ಣವಳಿರುವಾಗ ನಾನೂ ಅಲ್ಲಿ ಸಾಲಿನಲ್ಲಿ ಕೂತದ್ದುಂಟು. ಕಟ್ಟಡದ ಯಜಮಾನರು ಗಲ್ಫಿನಲ್ಲಿ. ಫೋನಿನಲ್ಲೇ "ಬಾಡಿಗೆ ಬೇಡ, ಕರೆಂಟ್ ಬಿಲ್ ನೀವೇ ಕಟ್ಟಿ" ಎಂದರು. ಮಾಸ್ಟ್ರು ಮಾತ್ರ ಬಿಡಲಿಲ್ಲ. "ಬಾಯಿಮಾತು ಅವರ ಕಾಲಕ್ಕೆ ಸರಿ. ನಾಳೆ ಅಳಿಯಂದಿರು ಬಂದು ಕೇಳಿದರೆ?" ಎಂದು ಹತ್ತು ವರ್ಷಕ್ಕೆ ಸ್ಟಾಂಪ್ ಪೇಪರಿನಲ್ಲಿ ಕರಾರು ಮಾಡಿಸಿದರು. ಆ ಕಾಗದ ಇಲ್ಲದಿದ್ದರೆ ವಿಳಾಸ ಬದಲಾವಣೆಯ ಅರ್ಜಿಯೇ ಮುಂದೆ ಹೋಗುತ್ತಿರಲಿಲ್ಲ.

ಎರಡು ಸಲ ಸುಣ್ಣ ಬಳಿದರೂ ಗೋಡೆಯಿಂದ ಹೊಗೆಸೊಪ್ಪಿನ ವಾಸನೆ ಹೋಗಲಿಲ್ಲ. ಹುಳ ಬರುವುದಿಲ್ಲ, ಇರಲಿ ಬಿಡಿ ಎಂದು ಸಮಾಧಾನ ಮಾಡಿಕೊಂಡೆವು. ಹಟ್ಟಿಯಲ್ಲಿ ಕಲಿತ ಪಾಠದಿಂದ ಕಪಾಟುಗಳನ್ನೆಲ್ಲ ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದೆವು. ಕಾಲುಗಳ ಕೆಳಗೆ ಕಲ್ಲು, ಕೆಳಗಿನ ತಟ್ಟೆ ಖಾಲಿ. ಪುಸ್ತಕದ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕುವಾಗ ಇನ್ನೊಂದು ತಮಾಷೆ ಆಯಿತು. ಹಿಂದೆ ಯಾರೋ ಪುಣ್ಯಾತ್ಮರು ಅರ್ಧ ಪಟ್ಟಿ ಟೈಪ್ ಮಾಡಿ ಸಿ.ಡಿ.ಯಲ್ಲಿ ಇಟ್ಟಿದ್ದರು. ತೆರೆದರೆ ಒಂದಕ್ಷರವೂ ಕನ್ನಡವಾಗಿ ಕಾಣಲಿಲ್ಲ, ಎಲ್ಲ ಇಂಗ್ಲಿಷಿನ ಚಿಂದಿ. ಹಳೆ ಫಾಂಟಿನ ಕಾಲದ್ದು. ಯೂನಿಕೋಡಿಗೆ ತರುವ ಉಪಾಯ ಉಂಟಂತೆ, ನಮಗೆ ಅಷ್ಟು ತಾಳ್ಮೆ ಇರಲಿಲ್ಲ. ನನ್ನ ಮಗಳು ಎಲ್ಲವನ್ನೂ ಮೊಬೈಲಿನಲ್ಲಿ ಹೊಸದಾಗಿ ಟೈಪ್ ಮಾಡಿದಳು.

ಉದ್ಘಾಟನೆಯ ದಿನ ಯಾವಾಗ ಎಂಬುದಕ್ಕೇ ಎರಡು ಕಮಿಟಿ ಸಭೆ ಆಯಿತು. ಒಬ್ಬ ಹುಡುಗ ನವೆಂಬರ್ 1 ಎಂದ. ಕೇರಳ ಪಿರವಿಯೂ ಆಯ್ತು, ಕನ್ನಡ ರಾಜ್ಯೋತ್ಸವವೂ ಆಯ್ತು, ಒಂದೇ ಖರ್ಚು. ಮಾಸ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಗಾ, 1956ರಲ್ಲಿ ನಾನು ಐದನೇ ಕ್ಲಾಸು. ರಾತ್ರಿ ಮಲಗುವಾಗ ದಕ್ಷಿಣ ಕನ್ನಡ, ಬೆಳಿಗ್ಗೆ ಎದ್ದಾಗ ಕೇರಳ. ನನ್ನ ಅಪ್ಪ ಅವತ್ತು ಊಟ ಮಾಡಲಿಲ್ಲ. ಆ ದಿನ ನನ್ನಿಂದ ರಿಬ್ಬನ್ ಕತ್ತರಿಸಲು ಆಗುವುದಿಲ್ಲ." ಆ ಹುಡುಗನ ಮನೆಮಾತು ಮಲಯಾಳ. ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾನೇ ಕ್ಯಾಲೆಂಡರ್ ತಿರುಗಿಸಿ, ನವೆಂಬರ್ 14ರಿಂದ 20 ಲೈಬ್ರರಿ ಸಪ್ತಾಹ, ಅದರೊಳಗೆ 19 ಭಾನುವಾರ ಬರುತ್ತದೆ ಎಂದ. ಎಲ್ಲರೂ ಒಪ್ಪಿದರು. ಕಾಗದ ಅಚ್ಚಾಯಿತು. ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ, ಎರಡೂವರೆಯಿಂದ ತಾಳಮದ್ದಳೆ.

2023ರ ನವೆಂಬರ್ 19 ಯಾವ ದಿನ ಎಂದು ಕ್ರಿಕೆಟ್ ನೋಡುವವರಿಗೆ ನಾನು ಹೇಳಬೇಕಾಗಿಲ್ಲ. ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್, ಎರಡು ಗಂಟೆಗೆ ಶುರು. ಭಾರತ ಫೈನಲಿಗೆ ಬಂದದ್ದೇ ತಡ, ಯುವಜನ ವೇದಿಕೆಯವರು ಫೋನ್ ಮೇಲೆ ಫೋನ್. ಅರ್ಥಧಾರಿಗಳಿಗೆ ಹೇಳುವವರು ಯಾರು? ಕರ್ಣನ ಅರ್ಥ ಹೇಳಬೇಕಾದ ಹಿರಿಯರೊಬ್ಬರು ಸಿಟ್ಟಿನಲ್ಲಿ, "ಕರ್ಣನಿಗಿಂತ ನಿಮಗೆ ಕೊಹ್ಲಿ ಹೆಚ್ಚಾ?" ಎಂದು ಕೇಳಿದರು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ತಾಳಮದ್ದಳೆಯ ಹೊತ್ತನ್ನು ಕ್ರಿಕೆಟಿಗೋಸ್ಕರ ಬದಲಿಸಿದವರು ನಾವೇ ಮೊದಲಿರಬೇಕು. ಕೊನೆಗೆ ತಾಳಮದ್ದಳೆಯನ್ನು ಹನ್ನೊಂದಕ್ಕೆ ತಂದು, ಭಾಷಣಗಳನ್ನು ಐದೈದು ನಿಮಿಷಕ್ಕೆ ಇಳಿಸಿದೆವು. ಇದೊಂದು ದೊಡ್ಡ ಉಪಕಾರವೇ ಆಯಿತು. ಮಧ್ಯಾಹ್ನ ಗಂಜಿಯೂಟ ಆದ ಮೇಲೆ ಅದೇ ಹಾಲಿನಲ್ಲಿ ಪ್ರೊಜೆಕ್ಟರ್ ಹಾಕಿ ಪಂದ್ಯ ತೋರಿಸಿದರು. ಲೈಬ್ರರಿಯೊಳಗೆ ಅಷ್ಟು ಜನರನ್ನು ನಾನು ಅದರ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಕರ್ಣನ ಅರ್ಥ ಹೇಳಿದವರೂ ಮುಂದಿನ ಸಾಲಿನಲ್ಲೇ ಇದ್ದರು. ಆರು ವಿಕೆಟಿನಲ್ಲಿ ಸೋತಾಗ ಒಬ್ಬರೂ ಮಾತಾಡದೆ ಎದ್ದು ಹೋದರು. ನಾನು ಕುರ್ಚಿ ಮಡಚುತ್ತಾ ನೋಡಿದರೆ, ಕಪಾಟಿನ ಎದುರು ಇಬ್ಬರು ಹುಡುಗರು ನಿಂತು ಸುಮ್ನೆ ಪುಸ್ತಕ ತಿರುವುತ್ತಿದ್ದರು. ಬೇಜಾರು ಕಳೆಯಲು ಇರಬೇಕು. ಅವರಿಂದ ಸದಸ್ಯತ್ವದ ಫಾರಂ ತುಂಬಿಸಿಯೇ ಕಳಿಸಿದೆ.

ಮರುದಿನದಿಂದ ಯಾರೂ ಬರಲಿಲ್ಲ.

ಇದು ನಾವು ಯೋಚಿಸಿರದ ವಿಷಯ. ಹಳೆ ಜಾಗದಲ್ಲಿ ಸಂಜೆ ಪೇಪರ್ ಓದಲು ಹದಿನೈದು ಇಪ್ಪತ್ತು ಜನ ಇರುತ್ತಿದ್ದರು. ಒಂದು ಪೇಪರಿನ ನಾಲ್ಕು ಹಾಳೆ ನಾಲ್ವರ ಕೈಯಲ್ಲಿ. ಅವರೆಲ್ಲ ಲೈಬ್ರರಿಗೆ ಬರುತ್ತಿದ್ದರು ಎಂದು ನಾನು ಅಷ್ಟು ವರ್ಷ ನಂಬಿದ್ದೆ. ಅವರು ಬರುತ್ತಿದ್ದದ್ದು ಬಸ್ಸಿಗೆ, ಚಾಕ್ಕೆ. ಹೊಸ ಜಾಗದಲ್ಲಿ ಬಸ್ಸೂ ಇಲ್ಲ, ಚಾವೂ ಇಲ್ಲ. ಜೊತೆಗೆ ರಸ್ತೆ ಊರನ್ನು ಎರಡು ಮಾಡಿತ್ತು. ನಮ್ಮಲ್ಲಿ ಹೆದ್ದಾರಿಯ ಪಶ್ಚಿಮಕ್ಕೆ ರೈಲು ಹಳಿ, ಅದರಾಚೆ ಸಮುದ್ರ. ಹೆದ್ದಾರಿ ಮತ್ತು ಕಡಲಿನ ನಡುವಿನ ಮನೆಗಳಿಂದಲೇ ನಮ್ಮ ಅರ್ಧಕ್ಕರ್ಧ ಓದುಗರು. ಮೊದಲು ಎಡಬಲ ನೋಡಿ ರಸ್ತೆ ದಾಟಿದರೆ ಲೈಬ್ರರಿ. ಈಗ ನಡುವೆ ಗೋಡೆಯಂತೆ ಎತ್ತರಿಸಿದ ರಸ್ತೆ. ಸರ್ವೀಸ್ ರೋಡಿನಲ್ಲಿ ಅಂಡರ್‌ಪಾಸಿನವರೆಗೆ ಹೋಗಿ, ಅಡಿಯಿಂದ ದಾಟಿ, ಈಚೆ ಬದಿಯಲ್ಲಿ ಅಷ್ಟೇ ದೂರ ತಿರುಗಿ ಬರಬೇಕು. ಎಪ್ಪತ್ತು ವರ್ಷದವರು ಒಂದು ಪೇಪರಿಗೋಸ್ಕರ ಇಷ್ಟು ನಡೆಯುತ್ತಾರಾ? ನಾನಾದರೂ ನಡೆಯಲಿಕ್ಕಿಲ್ಲ.

ಕಮಿಟಿಯಲ್ಲಿ ಒಬ್ಬೊಬ್ಬರದು ಒಂದೊಂದು ಸಲಹೆ. ಬೋರ್ಡ್ ಹಾಕುವ, ವಾಟ್ಸಾಪ್ ಗ್ರೂಪ್ ಮಾಡುವ, ಕವಿಗೋಷ್ಠಿ ಮಾಡುವ. ಕವಿಗೋಷ್ಠಿ ಮಾಡಿದೆವು. ಕವಿಗಳು ಹನ್ನೆರಡು, ಕೇಳುವವರು ಒಂಬತ್ತು. ಮಕ್ಕಳನ್ನು ಮಂಜೇಶ್ವರದ ಗಿಳಿವಿಂಡಿಗೆ, ಗೋವಿಂದ ಪೈಗಳ ಮನೆಗೆ ಕರೆದುಕೊಂಡು ಹೋದದ್ದು ಮಾತ್ರ ಚೆನ್ನಾಯಿತು. ಪೈಗಳ ಪುಸ್ತಕಗಳು ಈಗ ಉಡುಪಿಯ ಕಾಲೇಜಿನಲ್ಲಿ ಇವೆ ಎಂದಾಗ ಒಬ್ಬಳು ಸಣ್ಣವಳು, "ಅಲ್ಲಿಗೂ ರೋಡ್ ಬಂತಾ?" ಎಂದು ಕೇಳಿದಳು.

ಹೆಂಗಸರಿಗೆ, ಹಿರಿಯರಿಗೆ ಮನೆಗೆ ಪುಸ್ತಕ ಮುಟ್ಟಿಸುವ ಪದ್ಧತಿ ಕೇರಳದ ಲೈಬ್ರರಿಗಳಲ್ಲಿ ಮೊದಲೇ ಇದೆ. ನಮ್ಮಲ್ಲಿ ಅದು ರಿಜಿಸ್ಟರಿನಲ್ಲಿ ಜಾಸ್ತಿ, ರಸ್ತೆಯಲ್ಲಿ ಕಮ್ಮಿ ಇತ್ತು. ಗುರುವಾರ ಬೆಳಿಗ್ಗೆ ಎರಡು ಬಟ್ಟೆ ಚೀಲದಲ್ಲಿ ಮೂವತ್ತು ಪುಸ್ತಕ ತುಂಬಿಸಿ ನಾನೇ ಹೊರಟೆ. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ಮೊಣಕಾಲಿನವರೆಗೆ ನೀರು. ಚೀಲ ತಲೆಯ ಮೇಲೆ. ನೋಡಿದವರು ಮೀನು ಮಾರಲು ಬಂದವಳೆಂದೇ ತಿಳಿದಿರಬೇಕು. ಒಬ್ಬರು ಬಂಗುಡೆ ಉಂಟಾ ಎಂದು ಕೇಳಿಯೂ ಕೇಳಿದರು.

ಪಶ್ಚಿಮದ ಮನೆಗಳಲ್ಲಿ ಮಧ್ಯಾಹ್ನದ ನಂತರ ಹೆಂಗಸರು ಒಂದೇ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಈಗ ಕಟ್ಟುವವರು ಕಮ್ಮಿ, ಆದರೂ ಆ ಜಗಲಿಯಲ್ಲಿ ಏಳೆಂಟು ಜನ ಇದ್ದರು. ಪುಸ್ತಕ ತೋರಿಸಿದೆ. ಒಬ್ಬರು ಕೈ ನಿಲ್ಲಿಸದೆ ಹೇಳಿದರು. "ಓದಲಿಕ್ಕೆ ಕೈ ಎಲ್ಲುಂಟು ಅಕ್ಕಾ? ಕಣ್ಣೂ ಎಲೆಯ ಮೇಲೆ. ಕಿವಿ ಒಂದು ಖಾಲಿ ಉಂಟು." ಅವರು ತಮಾಷೆಗೆ ಹೇಳಿದ್ದು. ನಾನು ಅಲ್ಲೇ ಕೂತು ಒಂದು ಕಥೆ ಗಟ್ಟಿಯಾಗಿ ಓದಿದೆ. ಮುಗಿಸಿ ಏಳುವಾಗ, "ಬರುವ ಗುರುವಾರ ಉಂಟಲ್ಲ?" ಎಂದರು.

ಹಾಗೆ ಶುರುವಾಯಿತು. ಸಣ್ಣ ಕಥೆಗಳು ಮುಗಿದ ಮೇಲೆ ಕಾದಂಬರಿ, ವಾರಕ್ಕೆ ಎರಡು ಅಧ್ಯಾಯ. ಓದುವುದು ಕನ್ನಡ, ಚರ್ಚೆ ತುಳು, ಜಗಳ ಮಲಯಾಳದಲ್ಲಿ. ಬ್ಯಾರಿ ಮನೆಯ ಇಬ್ಬರು ಕನ್ನಡ ಶಾಲೆಯಲ್ಲಿ ಕಲಿತವರು, ಉಳಿದವರಿಗೆ ಅವರೇ ಅರ್ಥ ಬಿಡಿಸುತ್ತಿದ್ದರು. ಅತ್ತೆ ಸೊಸೆಯ ಕಥೆ ಬಂದಾಗ ಅರ್ಧ ಗಂಟೆ ಪುಸ್ತಕ ಮುಚ್ಚಿಡಬೇಕಾಯಿತು, ಜಗಲಿಯಲ್ಲಿ ಎರಡು ಪಕ್ಷ ಆಗಿತ್ತು. ಕಥೆ ಬಿಗಿಯಾದಾಗ ಗೆರಸೆಯ ಮೇಲೆ ಕೈಗಳು ನಿಂತುಬಿಡುತ್ತವೆ. ಬರೆದವರು ಅದನ್ನು ನೋಡಬೇಕಿತ್ತು.

ಎರಡು ತಿಂಗಳಾದ ಮೇಲೆ ಒಂದು ವಾರ ನನಗೆ ಜ್ವರ. ಮುಂದಿನ ಗುರುವಾರ ಹೋದರೆ, ಓದು ಎರಡು ಅಧ್ಯಾಯ ಮುಂದೆ ಹೋಗಿತ್ತು. ಆ ಮನೆಯ ಸೊಸೆ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು. ಅವಳು ಓದಿದ್ದಾಳೆ. "ಹಾಗಾದರೆ ನಿನ್ನ ಬೀಡಿ?" ಎಂದು ಕೇಳಿದೆ. ಉಳಿದವರು ತಲಾ ಒಂದಿಷ್ಟು ಬೀಡಿ ಅವಳ ಲೆಕ್ಕಕ್ಕೆ ಕಟ್ಟಿ ಹಾಕಿದ್ದರು. ನಾನು ಹೇಳಿಕೊಟ್ಟದ್ದಲ್ಲ, ಅವರೇ ಮಾಡಿಕೊಂಡ ಏರ್ಪಾಡು. ಮಾಸ್ಟ್ರಿಗೆ ಹೇಳಿದಾಗ ಅವರ ಕಣ್ಣು ಅರಳಿತು. ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಹಿಂದೆ ಹೀಗೇ ನಡೆಯುತ್ತಿತ್ತಂತೆ. ಒಬ್ಬ ಪೇಪರ್ ಓದುವುದು, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟುವುದು. ಈಗ ಆ ಜಗಲಿಯಲ್ಲಿ ನನ್ನ ಅಗತ್ಯ ಇಲ್ಲ. ಪುಸ್ತಕ ಮುಟ್ಟಿಸಿದರೆ ಸಾಕು. ಕಾರ್ಯಕ್ರಮದ ರಿಜಿಸ್ಟರಿನಲ್ಲಿ ಇದನ್ನು ಹೇಗೆ ಬರೆಯುವುದೆಂದು ಮಾತ್ರ ಗೊತ್ತಾಗಲಿಲ್ಲ. ಬ್ಯಾನರ್ ಇಲ್ಲ, ಅಧ್ಯಕ್ಷರಿಲ್ಲ, ವಂದನಾರ್ಪಣೆ ಇಲ್ಲ. ಫೋಟೋ ತೆಗೆಯಲು ಹೋದರೆ, "ಈ ಮ್ಯಾಕ್ಸಿಯಲ್ಲಾ?" ಎಂದು ಎಲ್ಲರೂ ಒಳಗೆ ಓಡಿದರು.

ಈಚೆ ಬೀಡಿ ಬ್ರಾಂಚಿನಲ್ಲೂ ಜನ ಸೇರಲು ಶುರುವಾಯಿತು, ನಾವು ಎಣಿಸಿದವರಲ್ಲ, ಬೇರೆಯವರು. ಪಿ.ಎಸ್.ಸಿ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ನಮ್ಮ ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆ ಅಂತಲೇ ಬೇರೆ ಕರೆಯುತ್ತಾರೆ. ಮನೆಯಲ್ಲಿ ಗಲಾಟೆ, ಬಸ್ ಸ್ಟಾಪಿನಲ್ಲಿ ಗಲಾಟೆ. ಆರುನೂರು ಮೀಟರ್ ಒಳಗೆ ಇರುವುದೇ ಅವರಿಗೆ ಬೇಕಾಗಿತ್ತು. ಮಲಯಾಳ ಮಾತ್ರ ಬಲ್ಲವರು ಕನ್ನಡ ಅಕ್ಷರ ಕಲಿಯಲು ಕೂತರು, ಕನ್ನಡದವರು ಮಲಯಾಳ ವ್ಯಾಕರಣ ಕೇಳಿಕೊಂಡರು. ಸಂಬಳದ ಆಸೆಯಿಂದ ಕಲಿತ ಭಾಷೆಯೂ ಭಾಷೆಯೇ ಅಲ್ವಾ. ಭಾನುವಾರ ಮಕ್ಕಳಿಗೆ ಕನ್ನಡ ಓದುವ ಕ್ಲಾಸು ತೆಗೆದುಕೊಳ್ಳುವುದೂ ಅವರಲ್ಲೇ ಇಬ್ಬರು. ಇಂಗ್ಲಿಷ್ ಮೀಡಿಯಂ ಮಕ್ಕಳು ಮನ್ವಂತರ ಕಳೆದರೂ ಒತ್ತಕ್ಷರ ದಾಟುವುದಿಲ್ಲ ಎಂದು ಮಾಸ್ಟ್ರ ದೂರು. ಬರುತ್ತಾರಲ್ಲ, ಬರಲಿ.

ಕನ್ನಡ ಪುಸ್ತಕ ಕೊಳ್ಳುವ ತಲೆಬಿಸಿ ಹಾಗೇ ಉಂಟು. ಪುಸ್ತಕೋತ್ಸವದಲ್ಲಿ ಮಲಯಾಳದ ಮಳಿಗೆ ಸಾಲು ಸಾಲು, ಕನ್ನಡದ್ದು ಬೆರಳೆಣಿಕೆ. ಹೊಸದು ಬೇಕೆಂದರೆ ಮಂಗಳೂರಿನ ಬಸ್ಸು ಹತ್ತಬೇಕು. ಬೀಡಿ ಜಗಲಿಯವರು ಈಗ ಚೀಟಿ ಬರೆದೇ ಕೊಡುತ್ತಾರೆ. "ಕೊನೆಗೆ ಸಾಯುವಂಥದ್ದು ಬೇಡ" ಎಂದು ಒಂದು ಚೀಟಿಯಲ್ಲಿತ್ತು.

2024ರ ಜೂನ್ 19, ಪಣಿಕ್ಕರ್ ತೀರಿಕೊಂಡ ದಿನ. ಕೇರಳದಲ್ಲಿ ಓದುವ ದಿನ ಎಂದು ಆಚರಿಸುತ್ತಾರೆ. ಸಂಜೆ ಕಾರ್ಯಕ್ರಮ ಮುಗಿಸಿ ಬಾಗಿಲು ಹಾಕಬೇಕೆನ್ನುವಾಗ ಆಟೋದಿಂದ ಇಳಿದವರು ಚಾ ಅಂಗಡಿಯ ಇಚ್ಚ. ಎರಡು ವರ್ಷದ ಮೇಲೆ ಕಂಡದ್ದು. ಗಡ್ಡ ಪೂರ್ತಿ ಬಿಳಿ. ಪ್ಲಾಸ್ಟಿಕ್ ಕವರಿನಿಂದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗಿನ ಚೀಟಿ ನೋಡಿದೆ, 2022ರ ಜನವರಿ.

"ಇಚ್ಚಾ, ದಂಡ ಎಷ್ಟಾಗುತ್ತದೆ ಗೊತ್ತುಂಟಾ?"

"ನನಗೆ ಯಾಕೆ ದಂಡ? ಓಡಿ ಹೋದದ್ದು ಲೈಬ್ರರಿ, ನಾನಲ್ಲ."

ರಿಜಿಸ್ಟರ್ ತೆಗೆದು ವಾಪಸ್ ಬಂದ ದಿನಾಂಕ ಬರೆದೆ. ದಂಡದ ಕಾಲಂನಲ್ಲಿ ಒಂದು ಗೆರೆ ಎಳೆದೆ. ಅವರು ಪೇಪರ್ ಎಲ್ಲಿ ಎಂದು ಕೇಳಿ, ಓದುವ ಹುಡುಗರನ್ನು ಒಮ್ಮೆ ನೋಡಿ, ಮತ್ತೆ ಹೊರಗೆ ಹೋದರು. ಮಳೆ ಹನಿಯುತ್ತಿತ್ತು. ಬಾಗಿಲು ಹಾಕಲು ಬಂದಾಗ ನೋಡಿದರೆ, ಜಗಲಿಯ ದಕ್ಷಿಣದ ಮೂಲೆಯಲ್ಲಿ, ಬೀಡಿ ಎಲೆಯ ಮೂಟೆ ಇಡುತ್ತಿದ್ದ ಜಾಗದಲ್ಲಿ, ಇಚ್ಚ ಪಂಚೆ ಎತ್ತಿಕೊಂಡು ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಅಳೆಯುತ್ತಿದ್ದರು.

"ಒಂದು ಒಲೆ, ಒಂದು ಬೆಂಚು" ಎಂದರು. "ಮಾಸ್ಟ್ರು ಎಂತ ಹೇಳಿಯಾರು ಅಕ್ಕಾ?"